ಸ್ಪ್ಯಾನಿಷ್‌ನ ‘ಮೆತೆರ್’ ಅನ್ನು ಇಂಗ್ಲಿಷ್‌ಗೆ ತರುವುದು ಹೇಗೆ?

ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ಅನುವಾದ ಮಾಡಲು ಕೂತವರನ್ನು ಬೇಗನೇ ಸತಾಯಿಸುವ ಕ್ರಿಯಾಪದ ‘ಮೆತೆರ್’. ಬರಹದಲ್ಲಿ ನೋಡಿದರೆ ಆಟೋದ ಮೀಟರ್ ಇದ್ದ ಹಾಗೇ ಇದೆ, ಅದೇ ಐದು ಅಕ್ಷರ. ಆದರೆ ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇದು ಲ್ಯಾಟಿನ್‌ನ ‘ಮಿತ್ತೆರೆ’ಯಿಂದ, ಅಂದರೆ ‘ಕಳಿಸು’ ಎಂಬ ಪದದಿಂದ ಬಂದದ್ದು. ಇಂಗ್ಲಿಷ್‌ನ ಅಡ್ಮಿಟ್, ಸಬ್‌ಮಿಟ್ ಕೂಡ ಅದೇ ಬೇರಿನವು. ಸ್ಪ್ಯಾನಿಷ್‌ನಲ್ಲಿ ಇದರ ಅರ್ಥ ಒಂದು ವಸ್ತುವನ್ನು ಇನ್ನೊಂದರ ಒಳಗೆ ಸೇರಿಸುವುದು. ಇಷ್ಟು ಓದಿದ ಕೂಡಲೇ ಎಲ್ಲರೂ ‘ಇನ್‌ಸರ್ಟ್’ ಅಂತ ಬರೆದುಬಿಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ.

ಮೊದಲು ‘ಒಳಗೆ’ಯನ್ನು ಹಿಡಿಯಿರಿ

ಸ್ಪ್ಯಾನಿಷ್‌ನ ‘ಎನ್’ ಎಂಬ ಪುಟ್ಟ ಪದಕ್ಕೆ ‘ಒಳಗೆ’ ಅಂತಲೂ ಅರ್ಥ, ‘ಮೇಲೆ’ ಅಂತಲೂ ಅರ್ಥ. ಹಾಗಾಗಿ ಡಬ್ಬಿಯ ಒಳಗೋ ಮೇಲೋ ಎಂಬುದನ್ನು ಹಲವು ಸಲ ಕ್ರಿಯಾಪದವೇ ಹೇಳಬೇಕು. ‘ಪೊನೆರ್’ ಅಂದರೆ ಸುಮ್ಮನೆ ಇಡುವುದು, ಒಳಗೂ ಆಗಬಹುದು, ಮೇಲೂ ಆಗಬಹುದು. ‘ಮೆತೆರ್’ ಅಂದರೆ ಒಳಗೇ, ಅನುಮಾನವೇ ಬೇಡ. ಇಂಗ್ಲಿಷ್‌ನಲ್ಲಿ ಎರಡಕ್ಕೂ ‘ಪುಟ್’ ನಡೆಯುತ್ತದೆ, ಒಳಗೋ ಮೇಲೋ ಎಂಬುದನ್ನು ಅಲ್ಲಿ ‘ಇನ್’, ‘ಇನ್‌ಟು’, ‘ಆನ್’ ಹೇಳುತ್ತವೆ. ಅಂದರೆ ಮೆತೆರ್‌ನ ನಿಜವಾದ ತಿರುಳು ಬಂದು ಕೂರುವುದು ‘ಪುಟ್’ನಲ್ಲಿ ಅಲ್ಲ, ಆ ‘ಇನ್’ನಲ್ಲಿ. ಇದು ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು.

ಕೀಲಿ ಬೀಗಕ್ಕೆ, ಬಟ್ಟೆ ವಾಷಿಂಗ್ ಮೆಷಿನ್‌ಗೆ, ಹಾಲು ಫ್ರಿಜ್‌ಗೆ: ಎಲ್ಲಕ್ಕೂ ‘ಪುಟ್ ಇನ್’ ಸಾಕು. ಇದು ಬಡ ಅನುವಾದ ಅಂತ ಅಂದುಕೊಳ್ಳಬೇಡಿ. ಮೆತೆರ್ ಕೂಡ ಮನೆಮಾತಿನ ಸಾದಾ ಪದವೇ. ‘ಇನ್‌ಸರ್ಟ್’ ಅಂದ ತಕ್ಷಣ ಅಡುಗೆಮನೆಯಲ್ಲಿ ನಿಂತವರು ಮೆಷಿನ್‌ನ ಕೈಪಿಡಿ ಓದುತ್ತಿರುವ ಹಾಗೆ ಕೇಳಿಸುತ್ತದೆ.

ಆಮೇಲೆ ಏನು ಹೋಗುತ್ತಿದೆ, ಹೇಗೆ ಹೋಗುತ್ತಿದೆ ನೋಡಿ

ಅಮೆರಿಕದ ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ 1985ರ ಒಂದು ದೊಡ್ಡ ಲೇಖನದಲ್ಲಿ ಈ ವ್ಯತ್ಯಾಸವನ್ನು ವಿವರಿಸಿದ್ದಾರೆ. ಸ್ಪ್ಯಾನಿಷ್‌ನಂಥ ಭಾಷೆಗಳ ಕ್ರಿಯಾಪದ ವಸ್ತು ಎತ್ತ ಹೋಯಿತು ಎಂಬುದನ್ನು ಹೇಳುತ್ತದೆ, ಇಂಗ್ಲಿಷ್‌ನದು ಹೇಗೆ ಹೋಯಿತು ಎಂಬುದನ್ನು ಹೇಳಲು ಇಷ್ಟಪಡುತ್ತದೆ. ಅದಕ್ಕೇ ಇಂಗ್ಲಿಷ್‌ನಲ್ಲಿ ಸ್ಲಿಪ್, ಸ್ಟಫ್, ಕ್ರಾಮ್, ಶವ್, ಟಕ್, ಸ್ಟಿಕ್, ಪೋಕ್ ಅಂತ ಸಾಲು ಸಾಲು ಪದಗಳಿವೆ. ಕನ್ನಡದವರಿಗೆ ಇದು ಹೊಸದೇನಲ್ಲ ಅಲ್ವಾ? ನಮ್ಮಲ್ಲೂ ತುರುಕು, ಚುಚ್ಚು, ಸಿಕ್ಕಿಸು, ತೂರಿಸು, ಪೋಣಿಸು ಎಲ್ಲಾ ಬೇರೆ ಬೇರೆ. ನಾನು ಈಗಲೂ ಮಾಡುವುದು ಇದನ್ನೇ: ಸ್ಪ್ಯಾನಿಷ್ ವಾಕ್ಯ ಓದಿ, ಇಂಗ್ಲಿಷ್‌ಗೆ ಹಾರುವ ಮೊದಲು, ಕನ್ನಡದಲ್ಲಿ ಇದಕ್ಕೆ ಏನನ್ನುತ್ತಿದ್ದೆ ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. ‘ತುರುಕು’ ಬಂದರೆ ಸ್ಟಫ್ ಅಥವಾ ಕ್ರಾಮ್. ಸದ್ದಿಲ್ಲದೆ ಜಾರಿಸಿದ್ದಾದರೆ ಸ್ಲಿಪ್. ಅಂಗಿಯ ತುದಿಯನ್ನು ಪ್ಯಾಂಟಿನೊಳಗೆ ಸೇರಿಸಿದರೆ ಟಕ್. ಬರೀ ‘ಹಾಕು’ ಬಂದರೆ ಪುಟ್.

ಒಂದು ಎಚ್ಚರಿಕೆ. ಮೂಲದಲ್ಲಿ ಆತುರವಾಗಲೀ ಒರಟುತನವಾಗಲೀ ಇಲ್ಲದಿದ್ದರೆ ‘ಶವ್’ ಬರೆಯಬೇಡಿ. ಹೊಸ ಅನುವಾದಕರಿಗೆ ಬಣ್ಣದ ಪದಗಳ ಮೇಲೆ ಆಸೆ ಜಾಸ್ತಿ, ಕೊನೆಗೆ ಪಾತ್ರಗಳೆಲ್ಲ ಇಡೀ ಹೊತ್ತು ಏನನ್ನೋ ಎಲ್ಲಿಗೋ ನೂಕುತ್ತಲೇ ಇರುತ್ತವೆ. ಇನ್ನು ಕೆಲವು ಕಡೆ ‘ಒಳಗೆ’ ಎಂಬುದೇ ಇಂಗ್ಲಿಷ್‌ನ ಒಂದು ಪದದಲ್ಲಿ ಕರಗಿಹೋಗುತ್ತದೆ: ಕಾಗದವನ್ನು ಅಂಚೆ ಡಬ್ಬಿಗೆ ಮೆತೆರ್ ಮಾಡಿದರೆ ಬ್ರಿಟನ್ನಿನಲ್ಲಿ ಪೋಸ್ಟ್, ಅಮೆರಿಕದಲ್ಲಿ ಮೇಲ್.

‘ಇನ್‌ಸರ್ಟ್’ಗೂ ಜಾಗವಿದೆ

ಯಂತ್ರ, ಔಷಧದ ಚೀಟಿ, ಕೈಪಿಡಿ: ಇಲ್ಲೆಲ್ಲ ಇನ್‌ಸರ್ಟ್ ಸರಿ. ಆದರೆ ಅಲ್ಲಿ ಸ್ಪ್ಯಾನಿಷ್‌ನವರೂ ಸಾಮಾನ್ಯವಾಗಿ ಮೆತೆರ್ ಬಳಸುವುದಿಲ್ಲ, ‘ಇಂತ್ರೊದುಸಿರ್’ ಅಥವಾ ‘ಇನ್ಸೆರ್ತಾರ್’ ಬಳಸುತ್ತಾರೆ. ಎಟಿಎಂ ಪರದೆಯಲ್ಲಿ ‘ಇಂತ್ರೊದುಸ್ಕಾ ಸು ತಾರ್ಹೆತಾ’ ಎಂದಿದ್ದರೆ ‘ಇನ್‌ಸರ್ಟ್ ಯುವರ್ ಕಾರ್ಡ್’. ಮುಂದಿನ ಪರದೆಯಲ್ಲಿ ‘ಇಂತ್ರೊದುಸ್ಕಾ ಸು ಪಿನ್’ ಎಂದಿದ್ದರೆ ‘ಎಂಟರ್ ಯುವರ್ ಪಿನ್’. ಕ್ರಿಯಾಪದ ಒಂದೇ, ಇಂಗ್ಲಿಷ್ ಎರಡು. ಇಲ್ಲಿ ‘ಇಂಟ್ರೊಡ್ಯೂಸ್’ ಬರೆದರೆ ಕಾರ್ಡನ್ನು ಯಂತ್ರಕ್ಕೆ ಪರಿಚಯ ಮಾಡಿಸಿದ ಹಾಗೆ! ಜನರನ್ನು ಪರಿಚಯಿಸುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಪ್ರೆಸೆಂತಾರ್’ ಎಂಬ ಬೇರೆ ಪದವೇ ಇದೆ.

ಕೆಲವು ಕೆಲಸಗಳಿಗೆ ಅವರದೇ ಪದಗಳಿವೆ, ಅವು ತಲೆ ತಿನ್ನುವುದಿಲ್ಲ. ಸೂಜಿಗೆ ದಾರ ಪೋಣಿಸುವುದು ‘ಎನೆಬ್ರಾರ್’, ಇಂಗ್ಲಿಷ್‌ನ ಥ್ರೆಡ್. ಮೊಳೆ ಹೊಡೆಯುವುದು ‘ಕ್ಲಾವಾರ್’. ಪ್ಲಗ್ ಸಿಕ್ಕಿಸುವುದು ‘ಎಂಚುಫಾರ್’, ಆದರೆ ವಶೀಲಿಯಿಂದ ಯಾರನ್ನೋ ಕೆಲಸಕ್ಕೆ ಸೇರಿಸುವುದಕ್ಕೂ ಸ್ಪೇನ್‌ನಲ್ಲಿ ಅದನ್ನೇ ಅನ್ನುತ್ತಾರೆ. ಅಲ್ಲಿ ‘ಪ್ಲಗ್ ಇನ್’ ಬರೆದರೆ ಓದುವವರಿಗೆ ಏನೂ ತಿಳಿಯದು.

ಏನೂ ಒಳಗೆ ಹೋಗದಿದ್ದರೆ?

ಮೆತೆರ್‌ನ ನಿಜವಾದ ಆಟ ಇರುವುದು ಇಲ್ಲಿ. ‘ಮೆತೆರ್ ಮಿಯೆದೊ’ ಅಂದರೆ ಹೆದರಿಸುವುದು, ‘ಮೆತೆರ್ ಪ್ರೀಸಾ’ ಅಂದರೆ ಬೇಗ ಬೇಗ ಅಂತ ಅವಸರಪಡಿಸುವುದು, ‘ಮೆತೆರ್ ರುಯಿದೊ’ ಗಲಾಟೆ ಮಾಡುವುದು, ‘ಮೆತೆರ್ ಪ್ರಿಮೇರಾ’ ಕಾರನ್ನು ಫಸ್ಟ್ ಗೇರಿಗೆ ಹಾಕುವುದು. ಇಂಥ ಕಡೆ ಕ್ರಿಯಾಪದವನ್ನು ಮರೆತುಬಿಡಿ, ಪಕ್ಕದ ನಾಮಪದ ಹಿಡಿಯಿರಿ. ನಿಘಂಟಿನಲ್ಲೂ ‘ಮೆತೆರ್’ ಕೆಳಗೆ ಉದ್ದಕ್ಕೂ ಹುಡುಕುವ ಬದಲು ‘ಮಿಯೆದೊ’, ‘ಪ್ರೀಸಾ’ ಅಂತ ಹುಡುಕಿದರೆ ಬೇಗ ಸಿಗುತ್ತದೆ.

ಫುಟ್‌ಬಾಲ್ ನೋಡುವವರಿಗೆ ಇದು ಸುಲಭ. 2010ರ ವಿಶ್ವಕಪ್ ಫೈನಲ್‌ನಲ್ಲಿ, ಜೊಹಾನೆಸ್‌ಬರ್ಗ್‌ನಲ್ಲಿ, 116ನೇ ನಿಮಿಷಕ್ಕೆ ಸ್ಪೇನ್‌ನ ಆಟಗಾರ ಇನಿಯೆಸ್ತಾ ನೆದರ್ಲೆಂಡ್ಸ್ ವಿರುದ್ಧ ಮಾಡಿದ್ದು ‘ಮೆತಿಯೊ ಉನ್ ಗೋಲ್’ (‘ಮೆತಿಯೊ’ ಅಂದರೆ ಮೆತೆರ್‌ನ ಭೂತಕಾಲ). ಇಂಗ್ಲಿಷ್‌ನಲ್ಲಿ ಬರೀ ‘ಸ್ಕೋರ್ಡ್’. ಗೋಲು ಬಿಟ್ಟುಕೊಟ್ಟ ತಂಡಕ್ಕೆ ‘ಎಂಕಾಹಾರ್’, ಮಾಮೂಲಿ ಅರ್ಥದಲ್ಲಿ ಸರಿಯಾಗಿ ಕೂರಿಸುವುದು, ಆದರೆ ಮೈದಾನದಲ್ಲಿ ಇಂಗ್ಲಿಷ್‌ನ ‘ಕನ್ಸೀಡ್’. ಇವೆರಡನ್ನು ಅದಲುಬದಲು ಮಾಡಿದರೆ ಗೆದ್ದವರೇ ಸೋತುಹೋಗುತ್ತಾರೆ.

‘ಸೆ’ ಅಂಟಿದೆಯಾ ನೋಡಿ

‘ಮೆತೆರ್ಸೆ’ ಆದರೆ ತಾನೇ ಒಳಗೆ ಹೋಗುವುದು. ಹಾಸಿಗೆಗೆ, ಟ್ಯಾಕ್ಸಿಗೆ, ತೊಂದರೆಗೆ: ಮೂರಕ್ಕೂ ‘ಗೆಟ್ ಇನ್‌ಟು’. ‘ನೊ ತೆ ಮೇತಾಸ್’ ಅಂದರೆ ಮೂಗು ತೂರಿಸಬೇಡ, ಇಂಗ್ಲಿಷ್‌ನಲ್ಲಿ ‘ಸ್ಟೇ ಔಟ್ ಆಫ್ ಇಟ್’. ಗಮನಿಸಿ, ಸ್ಪ್ಯಾನಿಷ್ ‘ಒಳಗೆ ಬರಬೇಡ’ ಅಂದದ್ದನ್ನು ಇಂಗ್ಲಿಷ್ ‘ಹೊರಗಿರು’ ಅಂತ ತಿರುಗಿಸಿ ಹೇಳುತ್ತದೆ. ಹೀಗೆ ಎಲ್ಲದರಲ್ಲೂ ಮೂಗು ತೂರಿಸುವವರಿಗೆ ಮೆಕ್ಸಿಕೋದಲ್ಲಿ ‘ಮೆತಿಚೆ’ ಎಂಬ ಚಂದದ ಬೈಗುಳವೂ ಇದೆ. ‘ಮೆತೆರ್ಸೆ ಕೊನ್’ ಬಂದರೆ ಹುಷಾರು, ಅದು ಯಾರನ್ನೋ ಕೆಣಕುವುದು, ‘ಪಿಕ್ ಆನ್’.

ಈಗ ಒಂದು ಇಡೀ ವಾಕ್ಯ

‘ಮೆತಿಯೊ ಲಾ ರೋಪಾ ಎನ್ ಲಾ ಮಾಲೇತಾ, ಮೆತಿಯೊ ಎಲ್ ಪಾಸಾಪೋರ್ತೆ ಎನ್ ಎಲ್ ಬೊಲ್ಸಿಯೊ, ಸೆ ಮೆತಿಯೊ ಎನ್ ಎಲ್ ತಾಕ್ಸಿ ಇ ಲೆ ಮೆತಿಯೊ ಪ್ರೀಸಾ ಆಲ್ ತಾಕ್ಸಿಸ್ತಾ.’ ಬಟ್ಟೆ ಸೂಟ್‌ಕೇಸಿಗೆ, ಪಾಸ್‌ಪೋರ್ಟ್ ಜೇಬಿಗೆ, ತಾನು ಟ್ಯಾಕ್ಸಿಗೆ, ಕೊನೆಗೆ ಚಾಲಕನಿಗೆ ಅವಸರ: ಮೆತೆರ್ ನಾಲ್ಕು ಸಲ.

ಮೊದಲ ಪ್ರಶ್ನೆ: ಯಾರು ಮಾಡಿದ್ದು? ‘ಮೆತಿಯೊ’ದಲ್ಲಿ ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಇಂಗ್ಲಿಷ್‌ಗೆ ಹಿ ಅಥವಾ ಶಿ ಬೇಕೇ ಬೇಕು. ಹಿಂದಿನ ಪ್ಯಾರಾ ಓದಿ. ಇಲ್ಲಿ ಹೆಂಗಸು ಅಂತಿಟ್ಟುಕೊಳ್ಳೋಣ. ಆಮೇಲೆ ಕೊನೆಯಿಂದ ಹಿಂದಕ್ಕೆ ಬನ್ನಿ. ಚಾಲಕನನ್ನು ಅವಸರಪಡಿಸುತ್ತಿದ್ದಾಳೆ, ಅಂದರೆ ಆತುರದಲ್ಲಿದ್ದಾಳೆ, ಆದ್ದರಿಂದ ಬಟ್ಟೆಗೆ ‘ಸ್ಟಫ್ಡ್’ ಬರೆಯಬಹುದು. ಪಾಸ್‌ಪೋರ್ಟ್ ತೆಳ್ಳಗಿನದು, ‘ಸ್ಲಿಪ್ಡ್’. ಟ್ಯಾಕ್ಸಿಗೆ ‘ಗಾಟ್ ಇನ್‌ಟು’. ಕೊನೆಯದಕ್ಕೆ ‘ಟೋಲ್ಡ್ ದ ಡ್ರೈವರ್ ಟು ಹರಿ’.

ಆದರೆ ಕತೆಗಾರ ಬೇಕಂತಲೇ ಒಂದೇ ಪದವನ್ನು ನಾಲ್ಕು ಸಲ ಬಡಿದಿದ್ದರೆ? ಆಗ ಈ ನಾಲ್ಕು ಬಣ್ಣದ ಪದಗಳು ಆ ಬಡಿತವನ್ನು ಕೊಂದುಹಾಕುತ್ತವೆ. ಮೊದಲ ಎರಡಕ್ಕೂ ‘ಪುಟ್’ ಇಟ್ಟು, ವಾಕ್ಯಗಳನ್ನು ಗಿಡ್ಡ ಮಾಡಿ ವೇಗ ತರುವುದು ನನ್ನ ಆಯ್ಕೆ. ಪ್ರವಾಸದ ಜಾಹೀರಾತಿಗಾದರೆ ಅಷ್ಟೆಲ್ಲ ಯೋಚಿಸುವುದಿಲ್ಲ.

ಕೊನೆಗೆ, ಓದುವವರು ಯಾರು ಅಂತ ಕೇಳಿಕೊಳ್ಳಿ

ಕೆಲಸ ಕೊಟ್ಟವರನ್ನು ಬ್ರಿಟಿಷ್ ಇಂಗ್ಲಿಷೋ ಅಮೆರಿಕನ್ನೋ ಅಂತ ಶುರುವಿನಲ್ಲೇ ಕೇಳಿಬಿಡಿ. ‘ಮೆತೆರ್ ಲಾ ಪಾತಾ’, ಅಕ್ಷರಶಃ ಕಾಲು ಒಳಗಿಡುವುದು, ಎಡವಟ್ಟು ಮಾಡಿಕೊಳ್ಳುವುದಕ್ಕೆ ಸ್ಪೇನ್‌ನಲ್ಲೂ ಲ್ಯಾಟಿನ್ ಅಮೆರಿಕದಲ್ಲೂ ಅನ್ನುವ ಮಾತು. ಬಾಯಿತಪ್ಪಿ ಏನೋ ಅಂದ ಸಂದರ್ಭವಾದರೆ ಲಂಡನ್ನಿನವರಿಗೆ ‘ಪುಟ್ ಯುವರ್ ಫುಟ್ ಇನ್ ಇಟ್’, ನ್ಯೂಯಾರ್ಕಿನವರಿಗೆ ‘ಪುಟ್ ಯುವರ್ ಫುಟ್ ಇನ್ ಯುವರ್ ಮೌತ್’. ಮಾತಲ್ಲ, ಕೆಲಸದಲ್ಲೇ ಎಡವಟ್ಟಾಗಿದ್ದರೆ ಕಾಲನ್ನೇ ಬಿಟ್ಟು ‘ಮೆಸ್ಡ್ ಅಪ್’ ಅಂತ ಬರೆಯಿರಿ.