ಅಟ್ಟದ ವಾಲ್ವ್ ರೇಡಿಯೊಗೆ ಹೊಸ ಕೆಪಾಸಿಟರ್: ಪ್ಲಗ್ ಹಾಕುವ ಮುನ್ನ ಮಾಡಬೇಕಾದ ಕೆಲಸ

ಚಿಕ್ಕಮಗಳೂರು ಸೀಮೆಯ ಹಳೆಯ ತೋಟದ ಮನೆಗಳ ಅಟ್ಟ ಗುಡಿಸಲು ಹೊರಟರೆ ಕಾಫಿ ಚೀಲಗಳ ಸಂದಿಯಲ್ಲಿ ಮರದ ಪೆಟ್ಟಿಗೆಯ ವಾಲ್ವ್ (ಬಲ್ಬಿನಂಥ ಗಾಜಿನ ಕೊಳವೆ) ರೇಡಿಯೊವೊಂದು ಸಿಕ್ಕರೂ ಸಿಕ್ಕೀತು. ಸಿಕ್ಕ ಕೂಡಲೇ ಎಲ್ಲರಿಗೂ ಬರುವ ಆಸೆ, ‘ಒಮ್ಮೆ ಪ್ಲಗ್ ಹಾಕಿ ನೋಡೋಣ’ ಎಂಬುದು. ದಯವಿಟ್ಟು ಹಾಕಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟು ಪೂರ್ತಿ ಕೆಡುವುದು ಹೆಚ್ಚಾಗಿ ಆ ಮೊದಲ ಐದು ನಿಮಿಷದಲ್ಲೇ.

ಇದಕ್ಕೆ ಕಾರಣ ಅದರ ಫಿಲ್ಟರ್ ಕೆಪಾಸಿಟರ್, ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಕಂಡೆನ್ಸರ್. ಮನೆಗೆ ಬರುವ 50 ಹರ್ಟ್ಸ್ ಎ.ಸಿ. ಕರೆಂಟನ್ನು ರೆಕ್ಟಿಫೈಯರ್ ವಾಲ್ವ್ ಒಂದೇ ದಿಕ್ಕಿಗೆ ಹರಿಸಿದರೂ ಅದರಲ್ಲಿ ಸೆಕೆಂಡಿಗೆ 100 ಏರಿಳಿತಗಳು ಉಳಿದಿರುತ್ತವೆ. ಅವನ್ನು ಸಮ ಮಾಡುವುದು ಕೆಪಾಸಿಟರ್‌ನ ಕೆಲಸ. ಅದು ಸೋತಾಗ ವಾಲ್ಯೂಮನ್ನು ಸೊನ್ನೆಗಿಳಿಸಿದರೂ ನಿಲ್ಲದ ‘ಗುಂಯ್’ ಶಬ್ದ ಕೇಳುತ್ತದೆ. ಒಳಗಿನ ಅಲ್ಯೂಮಿನಿಯಂ ಹಾಳೆಯ ಮೇಲಿನ ಆಕ್ಸೈಡ್ ಪೊರೆ ಬಹುಕಾಲ ವಿದ್ಯುತ್ ಕಾಣದೆ ದುರ್ಬಲವಾಗುತ್ತದೆ, ದ್ರಾವಣ ಒಣಗುತ್ತದೆ. ಅಂಥದ್ದಕ್ಕೆ ಒಮ್ಮೆಲೇ 300 ವೋಲ್ಟ್ ಕೊಟ್ಟರೆ ಅದು ಕರೆಂಟ್ ಸೋರಿಸುತ್ತಾ ಬಿಸಿಯಾಗಿ, ಉಬ್ಬಿ, ರೆಕ್ಟಿಫೈಯರ್ ವಾಲ್ವನ್ನೂ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕೆಪಾಸಿಟರ್ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಸಿಗುವುದು ಕಷ್ಟ.

ಮೊದಲು ಹಿಂಬದಿಯ ಹಲಗೆ ಬಿಚ್ಚಿ, ಒಣ ಬ್ರಷ್‌ನಿಂದ ಧೂಳು ತೆಗೆದು, ಮೊಬೈಲ್‌ನಲ್ಲಿ ನಾಲ್ಕಾರು ಫೋಟೊ ತೆಗೆದಿಟ್ಟುಕೊಳ್ಳಿ. ಬಾಳೆಹೊನ್ನೂರು ಕಡೆಯಿಂದ ನನ್ನ ಮೇಜಿಗೆ ಬಂದ ಒಂದು ಸೆಟ್ಟಿನಲ್ಲಿ ಇಲಿ ಗೋಣಿನಾರಿನ ಗೂಡು ಕಟ್ಟಿ, ಮೇನ್ಸ್ ವೈರಿನ ರಬ್ಬರನ್ನು ತಾಮ್ರ ಕಾಣುವವರೆಗೆ ಕಡಿದಿತ್ತು. ವೈರಿನ ಸ್ಥಿತಿ ಹೀಗಿದ್ದರೆ ಅದನ್ನೂ ಬದಲಿಸಬೇಕು.

ಬಳಿಕ ವಾಲ್ವ್‌ಗಳ ಮೇಲಿನ ಹೆಸರು ಓದಿ. ‘ಇ’ ಅಕ್ಷರದಿಂದ ಆರಂಭವಾದರೆ ಅವು 6.3 ವೋಲ್ಟ್ ಹೀಟರ್‌ನವು. ಸಾಮಾನ್ಯವಾಗಿ ಅಂಥ ಸೆಟ್ಟಿನಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ‘ಯು’ ಅಕ್ಷರವಿದ್ದರೆ ಅದು ಎ.ಸಿ.-ಡಿ.ಸಿ. ಸೆಟ್ಟು, ಅದರ ಚಾಸಿಗೇ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಳಕ್ಕೇ, ನೇರವಾಗಿ ಮೇನ್ಸ್ ಕರೆಂಟ್ ಬರಬಹುದು. ಅದನ್ನು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಸಾಧನ) ಇರುವ ಅನುಭವಸ್ಥರಿಗೆ ಒಪ್ಪಿಸುವುದೇ ಸರಿ. ಮುಂದಿನ ವಿವರಣೆ ಮೊದಲನೆಯ ಬಗೆಗೆ ಮಾತ್ರ.

ಯಾರಾದರೂ ಈಗಾಗಲೇ ಪ್ಲಗ್ ಹಾಕಿ ನೋಡಿದ್ದರೆ, ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಸ್ಪೀಕರನ್ನು ನುಡಿಸುವ ಔಟ್‌ಪುಟ್ ವಾಲ್ವ್ ಸತ್ತಿದ್ದರೆ ಅದನ್ನು ಹೀರುವವರೇ ಇರುವುದಿಲ್ಲ. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಒಂದಕ್ಕೆ ಇನ್ಸುಲೇಟೆಡ್ ಕ್ಲಿಪ್‌ಗಳನ್ನು ಜೋಡಿಸಿ, ಒಂದು ತುದಿಯನ್ನು ಕೆಪಾಸಿಟರ್‌ನ ಮೈನಸ್‌ಗೂ ಇನ್ನೊಂದನ್ನು ಪ್ಲಸ್‌ಗೂ ಸಿಕ್ಕಿಸಿ ಹತ್ತು ಸೆಕೆಂಡ್ ಕಾಯಿರಿ. ಇನ್ನೊಂದು ಕೈ ಜೇಬಿನಲ್ಲಿರಲಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವುದು ಶೌರ್ಯವಲ್ಲ. ಮಲ್ಟಿಮೀಟರ್‌ನಲ್ಲಿ ಅಳೆಯಿರಿ; ಒಂದೇ ಡಬ್ಬಿಯಲ್ಲಿ ಎರಡು ಕೆಪಾಸಿಟರ್ ಇದ್ದರೆ ಎರಡನ್ನೂ ಹೀಗೇ ಇಳಿಸಿ ಅಳೆಯಬೇಕು. ಒಮ್ಮೆ ನಾನು ಹೀಗೆ ಸೊನ್ನೆ ಮಾಡಿ ಕಾಫಿ ಕುಡಿದು ಬಂದು ಮತ್ತೆ ಅಳೆದಾಗ ಮೀಟರ್ 20 ವೋಲ್ಟ್ ತೋರಿಸಿತು; ಒಳಗಿನ ಪೊರೆಯಲ್ಲಿ ಅಡಗಿದ್ದ ಚಾರ್ಜ್ ನಿಧಾನವಾಗಿ ಮೇಲೆ ಬಂದಿತ್ತು. ಅಂದಿನಿಂದ ಬೆಸುಗೆ ಮುಗಿಯುವವರೆಗೂ ರೆಸಿಸ್ಟರನ್ನು ಅಲ್ಲೇ ಬಿಟ್ಟಿರುತ್ತೇನೆ.

ಈಗ ಹಳೆಯದರ ಮೇಲಿನ ಅಳತೆ ನೋಡಿ. 50+50 ಮೈಕ್ರೊಫ್ಯಾರಡ್, 350 ವೋಲ್ಟ್ ಎಂದಿದ್ದರೆ 47 ಮೈಕ್ರೊಫ್ಯಾರಡ್, 450 ವೋಲ್ಟ್, 105 ಡಿಗ್ರಿ ಬಿಸಿ ತಾಳುವ ಎರಡು ಹೊಸ ಕೆಪಾಸಿಟರ್ ಸಾಕು. ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಬಹುದು. ವೋಲ್ಟೇಜ್ ಹೆಚ್ಚಿದ್ದರೆ ತೊಂದರೆಯಿಲ್ಲ. ರಾತ್ರಿ ಪಂಪ್‌ಸೆಟ್‌ಗಳು ನಿಂತ ಮೇಲೆ ವೋಲ್ಟೇಜ್ ಏರುವ ನಮ್ಮ ಊರುಗಳಿಗೆ ಅದೇ ಒಳ್ಳೆಯದು. ಆದರೆ ಮೈಕ್ರೊಫ್ಯಾರಡ್ ಹೆಚ್ಚಿಸಬೇಡಿ. ನಿಮ್ಮ ಸೆಟ್ಟಿನ ರೆಕ್ಟಿಫೈಯರ್ ವಾಲ್ವ್ ‘ಇಝಡ್80’ ಆಗಿದ್ದರೆ, ಅದರ ಎದುರು ಕೂರಿಸಬಹುದಾದ ಗರಿಷ್ಠ ಮಿತಿ 50. ‘ದೊಡ್ಡದಾದಷ್ಟೂ ಒಳ್ಳೆಯದು’ ಎಂದು 220 ಹಾಕಿದರೆ ಆ ವಾಲ್ವ್‌ನ ಆಯುಷ್ಯ ಮುಗಿಯಿತು.

ಹಳೆಯ ಕೆಪಾಸಿಟರ್‌ನ ಡಬ್ಬಿಯನ್ನು ಅಂದಕ್ಕಾಗಿ ಉಳಿಸಿಕೊಳ್ಳಬಹುದು, ಆದರೆ ಅದರ ವೈರುಗಳನ್ನೆಲ್ಲ ಬಿಡಿಸಿ ಹೊಸದಕ್ಕೆ ವರ್ಗಾಯಿಸಬೇಕು. ಹಳೆಯದರ ಜೊತೆಗೇ ಹೊಸದನ್ನು ಜೋಡಿಸಿದರೆ ಸೋರುವುದು ಸೋರುತ್ತಲೇ ಇರುತ್ತದೆ. ಇಝಡ್80 ಆದರೆ ಅದರ 3ನೇ ಪಿನ್ನಿನಿಂದ ಬರುವ ವೈರು ಮೊದಲ ಕೆಪಾಸಿಟರ್‌ನ ಪ್ಲಸ್‌ಗೆ, ಅಲ್ಲಿಂದ ರೆಸಿಸ್ಟರ್ ಅಥವಾ ಚೋಕ್ (ತಂತಿಯ ಸುರುಳಿ) ದಾಟಿದ ಮೇಲಿನದು ಎರಡನೆಯದರ ಪ್ಲಸ್‌ಗೆ ಸೇರುತ್ತದೆ. ಮೈನಸ್ ತುದಿಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಡಬ್ಬಿಯ ಬುಡಕ್ಕೂ ಚಾಸಿಗೂ ನಡುವೆ ಕಂದು ಬಣ್ಣದ ಕಾಗದದ ವಾಷರ್ ಕಂಡರೆ, ಆ ಸೆಟ್ಟಿನಲ್ಲಿ ಮೈನಸ್ ನೇರವಾಗಿ ಚಾಸಿಗೆ ಸೇರಿಲ್ಲ, ನಡುವೆ ಒಂದು ಸಣ್ಣ ರೆಸಿಸ್ಟರ್ ಇದೆ ಎಂದರ್ಥ. ಔಟ್‌ಪುಟ್ ವಾಲ್ವ್‌ಗೆ ಬೇಕಾದ ಬಯಾಸ್, ಅಂದರೆ ಅದರ ಕರೆಂಟನ್ನು ಹಿಡಿತದಲ್ಲಿಡುವ ಮೈನಸ್ ವೋಲ್ಟೇಜ್, ಹುಟ್ಟುವುದು ಅದರಿಂದಲೇ. ಅಲ್ಲಿ ಹೊಸ ಕೆಪಾಸಿಟರ್‌ನ ಪಟ್ಟಿಯಿರುವ (ಮೈನಸ್) ಕಾಲನ್ನು ಚಾಸಿಗೆ ಬೆಸೆದರೆ ವಾಲ್ವ್ ಕೆಂಪಾಗಿ ಕಾಯುತ್ತದೆ.

ಬೆಸುಗೆಯ ಐರನ್ ಬಿಸಿಯಿರುವಾಗಲೇ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ಸದ್ದಿನ ಸಂಕೇತ ಒಳಹೋಗುವ ತುದಿಗೆ) ಆ ಸಂಕೇತವನ್ನು ದಾಟಿಸುವ ಮೇಣದ ಕಾಗದದ ಕಪ್ಲಿಂಗ್ ಕೆಪಾಸಿಟರನ್ನೂ ಬದಲಿಸಿಬಿಡಿ. ಮಲೆನಾಡಿನ ಮಳೆಗಾಲಗಳನ್ನು ಕಂಡ ಮೇಣದ ಕಾಗದವನ್ನು ನಾನಂತೂ ನಂಬುವುದಿಲ್ಲ.

ಪರೀಕ್ಷೆಗೆ ಮೇನ್ಸ್‌ನ ಜೊತೆ ಸರಣಿಯಲ್ಲಿ 60 ವ್ಯಾಟ್ ಬಲ್ಬ್ ಇರುವ ಸೀರೀಸ್ ಬೋರ್ಡ್ ಬಳಸಿ; ಬಲ್ಬ್ ಹಳೆಯ ಫಿಲಮೆಂಟಿನದೇ ಆಗಬೇಕು, ಎಲ್‌ಇಡಿ ನಡೆಯದು. ಬಲ್ಬ್ ಮೊದಲು ಜೋರಾಗಿ ಉರಿದು ಬಳಿಕ ಮಂಕಾದರೆ ಸರಿ, ಜೋರಾಗಿಯೇ ಉಳಿದರೆ ತಕ್ಷಣ ಆಫ್ ಮಾಡಿ ಪ್ಲಸ್-ಮೈನಸ್ ಅದಲುಬದಲಾಗಿದೆಯೇ ನೋಡಿ. ಹತ್ತು ನಿಮಿಷ ಮಂಕಾಗಿಯೇ ಇದ್ದರೆ 100 ವ್ಯಾಟ್ ಬಲ್ಬ್, ಆಮೇಲೆ ನೇರ ಮೇನ್ಸ್. ಗಿಟಾರ್ ಆಂಪ್ಲಿಫೈಯರ್‌ಗಳಿಗೂ ಕ್ರಮ ಇದೇ, ಆದರೆ ಅಲ್ಲಿ ವೋಲ್ಟೇಜ್ 400 ದಾಟುವುದುಂಟು. ನೇರ ಮೇನ್ಸ್‌ನಲ್ಲಿ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಕಿತ್ತು, ಮತ್ತೆ ಚಾರ್ಜ್ ಇಳಿಸಿ, ಹೊಸ ಕೆಪಾಸಿಟರ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅಡ್ಡಿಯಿಲ್ಲ, ಸುಡುತ್ತಿದ್ದರೆ ಹಲಗೆ ಮುಚ್ಚಬೇಡಿ.