ಹಾಸನದ ಲಾಡ್ಜೊಂದು ಇಪ್ಪತ್ತೇಳು ಮನೆಯಾದ ಲೆಕ್ಕ

ಬಿ.ಎಂ. ರಸ್ತೆಯಿಂದ ಕೂಗಳತೆಯಲ್ಲಿರುವ ನಮ್ಮ ಲಾಡ್ಜನ್ನು ಬಾಡಿಗೆ ಮನೆಗಳಾಗಿ ಮಾಡುತ್ತೇನೆ ಎಂದಾಗ ಊರಿನ ಲಾಡ್ಜ್ ಮಾಲೀಕರು ನಕ್ಕಿದ್ದರು. 'ಲಾಡ್ಜ್ ಕೋಣೆಯಲ್ಲಿ ಯಾರಾದರೂ ಸಂಸಾರ ಹೂಡುತ್ತಾರೆಯೇ? ಕೆಡವಿ ಕಾಂಪ್ಲೆಕ್ಸ್ ಕಟ್ಟಿಸಿ ಯಜಮಾನರೇ' ಎಂದು ನಮ್ಮ ಹಳೆಯ ಮೇಸ್ತ್ರಿಯೇ ಹೇಳಿದ. ಈಗ ಇಪ್ಪತ್ತೇಳು ಮನೆಗಳಲ್ಲಿ ಒಂದೂ ಖಾಲಿ ಇಲ್ಲ. ನಕ್ಕವರಲ್ಲಿ ಇಬ್ಬರು ಬಂದು ಪೈಪುಗಳನ್ನೆಲ್ಲ ನೋಡಿಕೊಂಡು ಹೋಗಿದ್ದಾರೆ. ಅವರಿಗೆ ಹೇಳಿದಷ್ಟನ್ನು ಇಲ್ಲೂ ಹೇಳುತ್ತೇನೆ.

ಲಾಡ್ಜ್ ವ್ಯಾಪಾರದ ಗತಿ ನಿಮಗೆ ಗೊತ್ತೇ ಇದೆ. ಹಾಸನಾಂಬೆಯ ಬಾಗಿಲು ತೆರೆದಿರುವಷ್ಟು ದಿನ ಕೋಣೆಗೆ ಜಗಳ, ಆಮೇಲೆ ವರ್ಷವಿಡೀ ಮೂರರಲ್ಲಿ ಒಂದು ಕೋಣೆ ತುಂಬಿದರೆ ಹೆಚ್ಚು. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ನಾವೂ ಹಿಗ್ಗಿದೆವು. ಆದರೆ ನಾಲ್ಕು ಪಥದ ರಸ್ತೆಯಲ್ಲಿ ಬೆಳಿಗ್ಗೆ ಬಂದವರು ರಾತ್ರಿ ಊಟಕ್ಕೆ ಬೆಂಗಳೂರು ಸೇರುತ್ತಾರೆ. ಅದಕ್ಕೂ ಮೊದಲೇ, 2022ರ ಜುಲೈನಿಂದ, ಸಾವಿರಕ್ಕಿಂತ ಅಗ್ಗದ ಕೋಣೆಗೂ ಶೇ 12 ಜಿಎಸ್‌ಟಿ ಬಂದಿತ್ತು. ವಾಸಕ್ಕೆಂದು ಸಂಸಾರಸ್ಥರಿಗೆ ಕೊಟ್ಟ ಮನೆಯ ಬಾಡಿಗೆಗೆ ಆ ತಾಪತ್ರಯ ಇಲ್ಲ.

ನಮ್ಮದು ಮೂರು ಮಹಡಿ, ಮಹಡಿಗೆ ಹದಿನೆಂಟು ಕೋಣೆ. ಎರಡು ಕೋಣೆ ಸೇರಿಸಿ ಒಂದು ಮನೆ. ಗೋಡೆ ಒಡೆಯುವುದು ದೊಡ್ಡ ವಿಷಯವೇ ಅಲ್ಲ. ಪಿಲ್ಲರ್ ಕಟ್ಟಡ, ನಡುವಿನದು ನಾಲ್ಕೂವರೆ ಇಂಚಿನ ಗೋಡೆ. ಕಾಡಿದ್ದು ಅಡುಗೆಮನೆ. ಎರಡು ಸ್ನಾನದ ಮನೆಗಳಲ್ಲಿ ಒಂದನ್ನು ಅಡುಗೆಮನೆ ಮಾಡಿ, ನೀರೂ ಚರಂಡಿಯೂ ಅಲ್ಲೇ ಇದೆ ಎಂದು ಎಂಜಿನಿಯರ್ ನಕ್ಷೆ ಕೊಟ್ಟರು. ಮಾದರಿಗೆಂದು ಎರಡು ಮನೆ ಹಾಗೆಯೇ ಮಾಡಿಸಿದೆ. ಗ್ರಾನೈಟ್ ಕಟ್ಟೆ, ಹೊಸ ಟೈಲ್ಸ್, ಎಲ್ಲ ಚೆಂದ. ನೋಡಲು ಬಂದ ಹೆಂಗಸರು ಮೇಲಿನ ವೆಂಟಿಲೇಟರ್ ಕಡೆ ಒಮ್ಮೆ ಕಣ್ಣು ಹಾಯಿಸಿ, 'ಇಲ್ಲಿ ಮುಂಚೆ ಕಕ್ಕಸು ಇತ್ತಲ್ಲವೇ?' ಎಂದು ಕೇಳಿ ಮೆಟ್ಟಿಲಿಳಿದರು. ಬಾಡಿಗೆ ಇಳಿಸಿದರೂ ಒಬ್ಬರೂ ಬರಲಿಲ್ಲ. ಎಂಬತ್ತು ಸಾವಿರದಷ್ಟು ನೀರಿಗೆ ಹೋಯಿತು.

ಅಡುಗೆ ಕಟ್ಟೆಯನ್ನು ಕಿಟಕಿಯ ಪಕ್ಕಕ್ಕೆ ತಂದೆ. ಹೆಚ್ಚುವರಿ ಸ್ನಾನದ ಮನೆ ಬಟ್ಟೆ ಒಗೆಯುವ ಜಾಗವಾಯಿತು. ಮೊದಲ ಪ್ಲಂಬರ್ ಸಿಂಕಿನ ನೀರನ್ನು ಕಕ್ಕಸಿನ ಪೈಪಿಗೇ ಸೇರಿಸಿದ್ದ. ಡಿಸೆಂಬರ್ ಚಳಿಗೆ ಎಣ್ಣೆ ಹೆಪ್ಪುಗಟ್ಟಿ, ಅನ್ನದ ಅಗುಳು ಅದಕ್ಕೆ ಅಂಟಿ, ಕೆಳಗಿನ ಚೇಂಬರ್ ಉಕ್ಕಿತು. ಅವನನ್ನು ಕಳಿಸಿ, ಸಿಂಕುಗಳಿಗೆಂದೇ ಮೂರು ಇಂಚಿನ ಪೈಪ್ ಹಾಕಿಸಿ, ಕೆಳಗೆ ಎಣ್ಣೆ ತಡೆಯುವ ಪ್ರತ್ಯೇಕ ಗುಂಡಿ ಮಾಡಿಸಿದೆ. ಹಿಂಬದಿಯ ಮನೆಗಳಿಗೆ ಹೊರಗೋಡೆಯ ಮೇಲೆಯೇ ಪೈಪ್ ಇಳಿಯಿತು. ರಸ್ತೆ ಕಡೆಯ ಮನೆಗಳಲ್ಲಿ ನೆಲ ಎತ್ತರಿಸದೆ, ಪೈಪುಗಳು ಇಳಿಯುವ ಡಕ್ಟ್‌ವರೆಗೆ ಇಳಿಜಾರು ಹೇಗೆ ಸಿಕ್ಕಿತು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಬೇಕಾದವರು ನನ್ನ ಈಗಿನ ಪ್ಲಂಬರ್‌ಗೆ ಕೂಲಿ ಕೊಟ್ಟು ತಿಳಿಯಲಿ.

ನಡುವೆ ಬಿಸಿನೀರಿನ ಹುಚ್ಚು ಹತ್ತಿತ್ತು. ಲಾಡ್ಜಿನ ಸೋಲಾರ್ ಆಷಾಢದ ಜಡಿಮಳೆಗೆ ಕೆಲಸ ಮಾಡುವುದಿಲ್ಲ. ಸಕಲೇಶಪುರದಿಂದ ಕಾಫಿ ಹೊಟ್ಟು ತರಿಸಿ ಬಾಯ್ಲರ್ ಉರಿಸಿ ನೋಡಿದೆ. ನೀರೇನೋ ಕುದಿಯಿತು, ಹೊಗೆಗೆ ಪಕ್ಕದ ಮನೆಯವರೂ ಕುದಿದರು. ಈಗ ಮನೆಗೊಂದು ಗೀಸರ್. ಬಾಯ್ಲರ್ ಇನ್ನೂ ತಾರಸಿಯ ಮೇಲಿದೆ, ಮಾರಲು ಮನಸ್ಸಿಲ್ಲ.

ಮನೆಗಳು ತುಂಬಿದ್ದು ಮೀಟರಿನಿಂದ. ಲಾಡ್ಜಿಗಿದ್ದದ್ದು ಒಂದೇ ವಾಣಿಜ್ಯ ಸಂಪರ್ಕ. ಅದನ್ನೇ ಹಂಚಿದರೆ ಬಾಡಿಗೆದಾರರಿಗೆ ಗೃಹಜ್ಯೋತಿ ಸಿಗುವುದಿಲ್ಲ. ಮನೆಗೊಂದು ಗೃಹಬಳಕೆಯ ಮೀಟರ್ ಮಾಡಿಸಲು ವೈರಿಂಗ್, ಠೇವಣಿ ಎಲ್ಲ ಸೇರಿ ಆರೇಳು ಲಕ್ಷ ಹೋಯಿತು, ಕಚೇರಿ ಅಲೆದಾಟ ಬೇರೆ. ಆದರೆ ಆರೂವರೆ ಸಾವಿರ ಬಾಡಿಗೆ ಕೊಡುವ ಗಾರ್ಮೆಂಟ್ಸ್ ಕೆಲಸದವರಿಗೆ, ಆಸ್ಪತ್ರೆಯ ನರ್ಸುಗಳಿಗೆ ಕರೆಂಟ್ ಬಿಲ್ ಉಳಿಯುವುದು ಸಣ್ಣ ಮಾತಲ್ಲ. ಇದೇ ಬೀದಿಯಲ್ಲಿ ಇಷ್ಟೇ ಜಾಗಕ್ಕೆ ಒಂಬತ್ತು ಸಾವಿರ ಕೇಳುತ್ತಾರೆ.

ಒಟ್ಟು ಖರ್ಚು ಎಪ್ಪತ್ತು ಲಕ್ಷದ ಆಸುಪಾಸು, ಅಂದರೆ ಮನೆಗೆ ಎರಡೂವರೆಯಿಂದ ಎರಡೂಮುಕ್ಕಾಲು. ಕೆಡವಿ ಕಟ್ಟಿದ್ದರೆ ಇದರಲ್ಲಿ ಒಂದು ಮಹಡಿಯೂ ಏಳುತ್ತಿರಲಿಲ್ಲ. ಬ್ಯಾಂಕಿನವರು ಕಡತ ನೋಡಿ 'ಇದು ಹೋಟೆಲ್ಲೋ ಮನೆಯೋ?' ಎಂದು ಕೇಳುತ್ತಲೇ ಕಾಲ ಕಳೆದರು. ಮಂಚ, ಹಾಸಿಗೆ, ಏಸಿ ಮಾರಿ ನಾಲ್ಕು ಲಕ್ಷ ಬಂತು. ಚೀಟಿ ಎತ್ತಿ ಹತ್ತು, ಮನೆಯವಳ ಒಡವೆ ಅಡವಿಟ್ಟು ಇನ್ನಷ್ಟು. ಇದರಿಂದ ಮೊದಲ ಮಹಡಿ ಮುಗಿಸಿ, ಅದರ ಒಂಬತ್ತೂ ಮನೆಗಳನ್ನು ಮೂರು ವರ್ಷಕ್ಕೆ ಭೋಗ್ಯಕ್ಕೆ ಕೊಟ್ಟೆ, ತಲಾ ಮೂರೂವರೆ ಲಕ್ಷ. ಆ ಹಣದಲ್ಲೇ ಮೇಲಿನ ಎರಡು ಮಹಡಿಗಳ ಬಹುಪಾಲು ಕೆಲಸವಾಯಿತು. ಈಗ ಆ ಹದಿನೆಂಟು ಮನೆಗಳಿಂದ ತಿಂಗಳಿಗೆ ಲಕ್ಷದ ಮೇಲೆ ಬಾಡಿಗೆ ಬರುತ್ತದೆ. ಸಂಬಳ ಕೊಡಬೇಕಾದದ್ದು ಒಬ್ಬ ಕಾವಲುಗಾರನಿಗೆ ಮಾತ್ರ. ಒಡವೆ ಮನೆಗೆ ಬಂದಿದೆ.

ಬರುವ ಯುಗಾದಿಯಿಂದ ಭೋಗ್ಯದ ಹಣ ಹಿಂತಿರುಗಿಸಬೇಕು. ಅವರೆಲ್ಲ 'ಹಣ ನಿಮ್ಮಲ್ಲೇ ಇರಲಿ ಅಣ್ಣಾ, ಇನ್ನೂ ಮೂರು ವರ್ಷ ಇರುತ್ತೇವೆ' ಎನ್ನುತ್ತಿದ್ದಾರೆ. ನನಗೆ ಬಾಡಿಗೆ ಬೇಕು. ಅರ್ಧ ಹಣ ಕೊಟ್ಟು ಉಳಿದದ್ದಕ್ಕೆ ಮೂರೂವರೆ ಸಾವಿರ ಬಾಡಿಗೆ ಎಂದು ಕೇಳಿದ್ದೇನೆ. ನಾಲ್ಕು ಮನೆಯವರು ಒಪ್ಪಿದ್ದಾರೆ.