ತಾಲೀಮು ಶುರುವಾದದ್ದು ಪಾದ್ರಿಯಿಂದ

ತುಮಕೂರಿನ ನಮ್ಮ ಕಾಲೇಜಿನಲ್ಲಿ ಶೇಕ್ಸ್‌ಪಿಯರ್‌ನ 'ರೋಮಿಯೋ ಅಂಡ್ ಜೂಲಿಯೆಟ್' ಆಡಿಸುವಾಗ ನಾನು ಪ್ರೇಮಿಗಳನ್ನು ಸ್ವಲ್ಪ ದಿನ ಪಕ್ಕಕ್ಕೆ ಕೂರಿಸಿದೆ. ಮೊದಲು ಕರೆದದ್ದು ಪಾದ್ರಿ ಲಾರೆನ್ಸ್, ದಾದಿ, ಜೂಲಿಯೆಟ್‌ಳ ಅಪ್ಪ ಕ್ಯಾಪುಲೆಟ್, ಈ ಮೂವರನ್ನು. ಬಾಲ್ಕನಿ ದೃಶ್ಯಕ್ಕೆ ಕಾಯುತ್ತಿದ್ದ ಜೋಡಿಗೆ ಬೇಜಾರಾಯಿತು. ಆಗಲಿ ಬಿಡಿ. ಆ ದೃಶ್ಯ ಹೇಗೆ ಮಾಡಿದರೂ ಚಪ್ಪಾಳೆ ಬೀಳುತ್ತೆ.

ಮೂವರಿಗೂ ಒಂದೇ ಹೋಂವರ್ಕ್. ನಿಮ್ಮ ಪಾತ್ರ ಏನು ಮಾಡಿತು, ಯಾಕೆ ಮಾಡಿತು, ಯಾರಿಗೆ ಹೇಳದೆ ಮಾಡಿತು? 'ನಾನು' ಅಂತ ಬರೆಯಬೇಕು, ತನ್ನದೇ ಸರಿ ಅಂತ ವಾದಿಸಬೇಕು.

ಅಪ್ಪನ ಪಾತ್ರದ ಹುಡುಗ ಚೆನ್ನಾಗಿ ಬರೆದಿದ್ದ. ಪ್ಯಾರಿಸ್ ಅನ್ನೋ ಶ್ರೀಮಂತ ಯುವಕ ಹೆಣ್ಣು ಕೇಳಿದಾಗ, ಮಗಳಿಗಿನ್ನೂ 14 ತುಂಬಿಲ್ಲ, ಎರಡು ವರ್ಷ ಹೋಗಲಿ ಅಂದವನು ಇದೇ ಅಪ್ಪ. ಸೋದರಸಂಬಂಧಿ ಟೈಬಾಲ್ಟ್ ರೋಮಿಯೋ ಕೈಯಲ್ಲಿ ಸತ್ತ ಮೇಲೆ ಮಗಳು ಅತ್ತೂ ಅತ್ತೂ ಸೊರಗುತ್ತಾಳೆ ಅಂತ ಗುರುವಾರಕ್ಕೆ ಮದುವೆ ಗೊತ್ತು ಮಾಡುತ್ತಾನೆ. ಅವಳು ಒಪ್ಪಿದ ಹಾಗೆ ನಟಿಸಿದ ಖುಷಿಗೆ ಬುಧವಾರಕ್ಕೇ ಎಳೆದುಕೊಳ್ಳುತ್ತಾನೆ. "ಮದುವೆ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ" ಅನ್ನೋದನ್ನು ನಮ್ಮ ಹುಡುಗಿಯರಿಗೆ ಬಿಡಿಸಿ ಹೇಳುವ ಅಗತ್ಯವೇ ಬರಲಿಲ್ಲ.

ದಾದಿಯದು ನಗಿಸುವ ಪಾತ್ರ. ಹಾಸ್ಯಪಾತ್ರಗಳಿಂದಲೇ ಹೆಸರಾದ ಗುಬ್ಬಿ ವೀರಣ್ಣನವರ ಜಿಲ್ಲೆ ಇದು, ಇಲ್ಲಿನ ಜನ ನಗೋದಕ್ಕೆ ಕಾಯುತ್ತಿರುತ್ತಾರೆ. ಸುದ್ದಿ ಒಯ್ಯುವುದು, ಹಗ್ಗದ ಏಣಿ ತರುವುದು, ಎಲ್ಲದರಲ್ಲೂ ನಗಲಿ ಅಂತ ಬಿಟ್ಟೆ. ಆಮೇಲೆ ಆ ಕೊಲೆಗಾಗಿ ರೋಮಿಯೋ ಗಡೀಪಾರಾದಾಗ ಅದೇ ದಾದಿ, ಪ್ಯಾರಿಸ್‌ನ ಮುಂದೆ ರೋಮಿಯೋ ಪಾತ್ರೆ ಒರೆಸೋ ಬಟ್ಟೆ, ಇವನನ್ನೇ ಮದುವೆಯಾಗು ಅನ್ನುತ್ತಾಳೆ. ಇದನ್ನು ಜೂಲಿಯೆಟ್‌ಗೆ ಜಡೆ ಹೆಣೆಯುತ್ತಾ, ಅಜ್ಜಿ ಸಮಾಧಾನ ಮಾಡುವ ದನಿಯಲ್ಲೇ ಹೇಳಿಸಿದೆ. ಜೂಲಿಯೆಟ್ ಅರ್ಧ ಹೆಣೆದ ಜಡೆಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ದಾದಿಗೆ ಏನನ್ನೂ ಹೇಳುವುದಿಲ್ಲ. ಅವಳಿಗೆ ಉಳಿದದ್ದು ಪಾದ್ರಿ ಒಬ್ಬನೇ.

ಪಾದ್ರಿಯ ಮೇಲೇ ನಾನು ಜಾಸ್ತಿ ಹೊತ್ತು ಕಳೆದೆ. ಎರಡು ಮನೆಗಳ ದ್ವೇಷ ನಿಲ್ಲಲಿ ಅಂತ ಗುಟ್ಟಾಗಿ ಮದುವೆ ಮಾಡಿಸಿದವನು. ಪ್ಯಾರಿಸ್ ಜೊತೆಗಿನ ಮದುವೆ ತಪ್ಪಿಸಲು ಜೂಲಿಯೆಟ್‌ಗೆ 42 ಗಂಟೆ ಸತ್ತಂತೆ ಮಲಗಿಸುವ ಔಷಧ ಕೊಟ್ಟವನೂ ಅವನೇ. ಈ ಉಪಾಯ ತಿಳಿಸಲು ರೋಮಿಯೋಗೆ ಬರೆದ ಪತ್ರ ತಲುಪುವುದಿಲ್ಲ. ಒಯ್ಯಬೇಕಿದ್ದ ಇನ್ನೊಬ್ಬ ಪಾದ್ರಿಯನ್ನು ಪ್ಲೇಗ್ ಅನುಮಾನದಲ್ಲಿ ಮನೆಯೊಂದರಲ್ಲಿ ಕೂಡಿಹಾಕಿರುತ್ತಾರೆ. "ಸೀಲ್‌ಡೌನ್ ಆಗಿತ್ತು ಅನ್ನಿ ಮೇಡಂ" ಅಂದರು ಹುಡುಗರು. ಸರಿ, ಆದರೆ ತಪ್ಪನ್ನೆಲ್ಲ ಪ್ಲೇಗ್ ಮೇಲೆ ಹಾಕಿದರೆ ನಾಟಕ ತೆಳುವಾಗುತ್ತೆ.

ಅದಕ್ಕೇ, ಸುಮಾರು ತಂಡಗಳು ಮೊಟಕು ಮಾಡುವ ಒಂದು ದೃಶ್ಯವನ್ನು ಪೂರ್ತಿ ಉಳಿಸಿಕೊಂಡೆ. ಮದುವೆ ದಿನ ಬೆಳಿಗ್ಗೆ ಮಗಳು 'ಸತ್ತು' ಬಿದ್ದಿದ್ದಾಳೆ, ಮನೆಯವರೆಲ್ಲ ಗೋಳಾಡುತ್ತಿದ್ದಾರೆ. ಅವಳು ಬದುಕಿದ್ದಾಳೆ ಅಂತ ಅಲ್ಲಿ ಗೊತ್ತಿರುವುದು ಪಾದ್ರಿಗೆ ಮಾತ್ರ. ಅವನು ಮಾಡುವುದು ಉಪದೇಶ: ಮಗಳು ಸ್ವರ್ಗದಲ್ಲಿ ಚೆನ್ನಾಗಿದ್ದಾಳೆ, ಅಳಬೇಡಿ.

"ಮೇಡಂ, ಇಲ್ಲೇ ಒಂದು ಮಾತು ಹೇಳ್ಬಿಡಬಹುದಿತ್ತಲ್ವಾ?" ಅಂದ ಪಾದ್ರಿ ಪಾತ್ರದ ಹುಡುಗ.

"ಹೇಳಬಹುದಿತ್ತು. ಅದು ನಿನ್ನ ಮುಖದಲ್ಲಿ ಕಾಣಲಿ" ಅಂದೆ.

ತಾಯಿಯ ಪಾತ್ರದವಳಿಗೆ ಅವನ ನಿಲುವಂಗಿಯ ತೋಳು ಹಿಡಿದುಕೊಳ್ಳಲು ಹೇಳಿದೆ. ಅವನು ಅವಳ ಕೈ ನೋಡಿ ಬಾಯಿ ತೆರೆಯುತ್ತಾನೆ, ಹೊರಗೆ ಬರುವುದು ಉಪದೇಶ. ಆಮೇಲೆ ಅವನಿಗೆ ನಾನು ಏನೂ ಹೇಳಿಕೊಡಬೇಕಾಗಲಿಲ್ಲ. ಸಮಾಧಿಯಲ್ಲಿ ಕಾವಲುಗಾರರ ಸದ್ದಿಗೆ ಹೆದರಿ ಜೂಲಿಯೆಟ್‌ಳನ್ನು ಒಬ್ಬಳೇ ಬಿಟ್ಟು ಓಡುವುದನ್ನು ತಾನಾಗಿಯೇ ಮಾಡಿದ.

ಕೊನೆಯಲ್ಲಿ ರಾಜನ ಮುಂದೆ ಪಾದ್ರಿ ನಡೆದದ್ದನ್ನೆಲ್ಲ ಒಪ್ಪಿಸುವ ಉದ್ದ ಮಾತಿದೆ. ಜನಕ್ಕೆ ಗೊತ್ತಿರೋದೇ, ಕತ್ತರಿಸಿ ಅಂದರು. ಜನಕ್ಕೆ ಗೊತ್ತು, ಅಪ್ಪ ಅಮ್ಮನಿಗೆ ಗೊತ್ತಿಲ್ಲವಲ್ಲ! ಅವರಿಬ್ಬರನ್ನೂ ಪ್ರೇಕ್ಷಕರ ಕಡೆ ಮುಖ ಮಾಡಿ ನಿಲ್ಲಿಸಿದೆ. ಮೂಲದಲ್ಲಿ ಆ ಹೊತ್ತಿಗೆ ರಂಗದ ಮೇಲೆ ದಾದಿ ಇರುವುದಿಲ್ಲ, ನಾನು ಕರೆತಂದೆ. ಈ ಮದುವೆ ದಾದಿಗೂ ಗೊತ್ತಿತ್ತು ಅಂತ ಪಾದ್ರಿ ಹೇಳಿದ ತಕ್ಷಣ ಅಪ್ಪ ಅವಳ ಕಡೆ ತಿರುಗುತ್ತಾನೆ.

ಇಷ್ಟಕ್ಕೆಲ್ಲ ಸಮಯ ಹೊಂದಿಸಲು ರೋಮಿಯೋನ ಗೆಳೆಯ ಮರ್ಕ್ಯುಶಿಯೋ, ಕನಸು ತರುವ ಯಕ್ಷಿಣಿ ಕ್ವೀನ್ ಮ್ಯಾಬ್ ಬಗ್ಗೆ ಆಡುವ ಹೆಸರಾಂತ ಭಾಷಣಕ್ಕೆ ಪೂರಾ ಕತ್ತರಿ ಹಾಕಿದೆ. ಇಂಗ್ಲಿಷ್ ವಿಭಾಗದ ಮೇಷ್ಟ್ರು ಇನ್ನೂ ನನ್ನ ಮೇಲೆ ಮುನಿಸಿಕೊಂಡೇ ಇದ್ದಾರೆ.